ಹಳದಿ ದೀಪಕ್ಕೆ ಕರಿ ಟೇಪು, ಕೂತವರಿಗೆ ದೇವರೇ ಗತಿ

ನಮ್ಮ ದುರ್ಗದ ಬಾಡಿಗೆ ಕಾರುಗಳಲ್ಲಿ ಈಚೆಗೆ ಹೊಸದೊಂದು ಅಲಂಕಾರ ಕಾಣುತ್ತಿದೆ. ಸ್ಟೇರಿಂಗ್ ಹಿಂದಿನ ಮೀಟರ್ ಬೋರ್ಡಿನ ಮೇಲೆ ಕಡಲೆಬೀಜದಷ್ಟು ಅಗಲದ ಕರಿ ಟೇಪಿನ ತುಂಡು. ಅದರ ಕೆಳಗೆ ಹಳದಿ ದೀಪವೊಂದು ಉರಿಯುತ್ತಿರುತ್ತದೆ. ಕುದುರೆ ಲಾಳದಂಥ ಗುರುತು, ನಡುವೆ ಆಶ್ಚರ್ಯಸೂಚಕ ಚಿಹ್ನೆ. ಟೈರಿನಲ್ಲಿ ಗಾಳಿ ಕಮ್ಮಿ ಇದೆ ಅಂತ ಕಾರೇ ಬಾಯಿಬಿಟ್ಟು ಹೇಳುವ ಏರ್ಪಾಡು ಅದು. ಟೈರ್ ಪ್ರೆಷರ್ ಮಾನಿಟರಿಂಗ್ ಸಿಸ್ಟಂ ಎಂಬುದು ಅದರ ಪೂರ್ತಿ ಹೆಸರು. ಚಿಕ್ಕದಾಗಿ ಟಿ.ಪಿ.ಎಂ.ಎಸ್. ಆ ಬಾಯಿಗೆ ಟೇಪು ಯಾಕೆ ಹಚ್ಚಿದಿರಿ ಅಂತ ಟ್ಯಾಕ್ಸಿ ಚಾಲಕರೊಬ್ಬರನ್ನು ಕೇಳಿದರೆ, "ಯಾವಾಗ್ಲೂ ಉರಿಯುತ್ತೆ ಸಾರ್, ಕಿರಿಕಿರಿ. ಪಾರ್ಟಿಯವರು ನೋಡಿ ಹೆದರ್ಕೊಳ್ತಾರೆ" ಎಂದರು.

ಹೆದರಬೇಕಾದ್ದೇ, ಸ್ವಾಮಿ!

ನಾವು ಬಸ್ಸಿನಲ್ಲಿ ಓಡಾಡುವವರು, ಕಾರಿನ ಉಸಾಬರಿ ನಮಗ್ಯಾಕೆ ಎಂದು ಓದುಗರು ಪುಟ ತಿರುವಬೇಡಿ. ಮದುವೆ ದಿಬ್ಬಣಕ್ಕೋ, ಧರ್ಮಸ್ಥಳಕ್ಕೋ, ಬೆಂಗಳೂರಿನ ಆಸ್ಪತ್ರೆಗೋ ಅಂತ ವರ್ಷಕ್ಕೆ ಎರಡು ಸಲವಾದರೂ ಬಾಡಿಗೆ ಕಾರು ಹತ್ತದ ಮನೆ ಈ ಊರಲ್ಲಿ ಕಮ್ಮಿ. ಬೆಳಿಗ್ಗೆ ಐದಕ್ಕೆ ಹೊರಟರೆ ಬೆಂಗಳೂರಿನ ತನಕ ಸುಮಾರು 200 ಕಿಲೋಮೀಟರು ಹೆದ್ದಾರಿ 48ರ ಮೇಲೆ ನೂರರ ವೇಗ. ಆ ವೇಗದಲ್ಲಿ ಮುಂದಿನ ಟೈರು ಒಡೆದರೆ ಏನಾಗುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. 2020ರ ಜುಲೈಯಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಮೋಟಾರು ವಾಹನ ನಿಯಮಕ್ಕೆ ತಿದ್ದುಪಡಿ ತಂದಿತು. ಟ್ಯೂಬ್‌ಲೆಸ್ ಟೈರಿನ ಸಣ್ಣ ಕಾರಿಗೆ ಈ ಗಾಳಿ ನೋಡುವ ಯಂತ್ರವೂ ಪಂಕ್ಚರ್ ಕಿಟ್ಟೂ ಇದ್ದರೆ, ಸ್ಟೆಪ್ನಿ ಕೊಡದಿದ್ದರೂ ನಡೆಯುತ್ತದೆ ಅಂತ. ಅಂದರೆ ಐದನೇ ಚಕ್ರದ ಜಾಗದಲ್ಲಿ ಈಗ ಒಂದು ದೀಪ ಬಂದು ಕೂತಿದೆ. ಅಂಥ ಕಾರಿನಲ್ಲಿ ದೀಪಕ್ಕೆ ಟೇಪು ಹಚ್ಚುವುದೂ ಒಂದೇ, ಸ್ಟೆಪ್ನಿ ಬಿಚ್ಚಿ ಗುಜರಿಗೆ ಹಾಕುವುದೂ ಒಂದೇ.

ಈ ದೀಪ ಸುಮ್ಮನೆ ಬಂದದ್ದಲ್ಲ. ಅಮೆರಿಕದಲ್ಲಿ ಫೋರ್ಡ್ ಎಕ್ಸ್‌ಪ್ಲೋರರ್ ಗಾಡಿಗಳ ಫೈರ್‌ಸ್ಟೋನ್ ಟೈರುಗಳು ಓಟದಲ್ಲೇ ಪದರ ಬಿಚ್ಚಿ, ಗಾಡಿಗಳು ಪಲ್ಟಿ ಹೊಡೆದು 270ಕ್ಕೂ ಹೆಚ್ಚು ಜನ ಸತ್ತರು. ಆ ಗಲಾಟೆಯಿಂದ 2000ದಲ್ಲಿ ಅಲ್ಲಿ ಕಾನೂನು ಬಂತು, 2007ರ ಸೆಪ್ಟೆಂಬರ್ ವೇಳೆಗೆ ಹೊಸ ಕಾರಿಗೆಲ್ಲ ದೀಪ ಕಡ್ಡಾಯವಾಯಿತು. ಗಾಳಿ ಕಮ್ಮಿಯಾದ ಟೈರಿನ ಪಕ್ಕದ ಗೋಡೆ ಪ್ರತಿ ಸುತ್ತಿಗೂ ಮಡಚಿ ಬಿಚ್ಚುತ್ತದೆ. ತಂತಿಯನ್ನು ಹತ್ತು ಸಲ ಬಗ್ಗಿಸಿದರೆ ಬಿಸಿಯಾಗುತ್ತದಲ್ಲ, ಅದೇ ಲೆಕ್ಕ. ಒಳಗೇ ಬೆಂದು ಕೊನೆಗೆ ಕಿತ್ತು ಬರುತ್ತದೆ. ನಮ್ಮ ಚಾಲಕರಲ್ಲಿ ಒಂದು ನಂಬಿಕೆ ಇದೆ: ಬೇಸಿಗೆಯಲ್ಲಿ ಗಾಳಿ ನಾಲ್ಕು ಪಾಯಿಂಟು ಕಮ್ಮಿ ಇಟ್ಟರೆ ಟೈರು ಒಡೆಯುವುದಿಲ್ಲ ಅಂತ. ಇದು ಪೂರಾ ಉಲ್ಟಾ. ಕಮ್ಮಿ ಇಟ್ಟಷ್ಟೂ ಟೈರಿನ ಬಿಸಿ ಹೆಚ್ಚು.

ಈಗ ದೀಪದ ಭಾಷೆ ಕಲಿಯೋಣ, ಕಷ್ಟವೇನಿಲ್ಲ. ಕೀ ತಿರುವಿದ ಕೂಡಲೇ ದೀಪ ಕೆಲವು ಸೆಕೆಂಡು ಹತ್ತಿ ಆರಬೇಕು. ಅದು ನಾನು ಬದುಕಿದ್ದೇನೆ ಅಂತ ಹೇಳುವ ರೀತಿ. ಹತ್ತದೇ ಇದ್ದರೆ ಯಾರೋ ಒಳಗೆ ಕೈಯಾಡಿಸಿದ್ದಾರೆ ಎಂದೇ ತಿಳಿಯಿರಿ. ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವ ವರ್ತಕ ಮಿತ್ರರು ಇದನ್ನು ಮುಖ್ಯವಾಗಿ ನೋಡಬೇಕು. ಆರದೆ ಒಂದೇ ಸಮ ಉರಿಯುತ್ತಿದ್ದರೆ ಗಾಳಿ ಕಮ್ಮಿ. ಒಂದು ನಿಮಿಷ, ಒಂದೂವರೆ ನಿಮಿಷ ಮಿಣಮಿಣ ಮಿನುಗಿ ಆಮೇಲೆ ನಿಂತು ಉರಿದರೆ ಗಾಳಿಯ ತಂಟೆಯಲ್ಲ, ಯಂತ್ರವೇ ಕೆಟ್ಟಿದೆ. ಇಷ್ಟು ತಿಳಿದರೆ ಅರ್ಧ ಗ್ಯಾರೇಜು ಖರ್ಚು ಉಳಿಯಿತು.

ಡಿಸೆಂಬರ್ ತಿಂಗಳಲ್ಲಿ ಬೆಳಗಿನ ಜಾವ ಹತ್ತಿ, ಮಧ್ಯಾಹ್ನ ತಾನೇ ಆರುವ ದೀಪವೂ ಉಂಟು. ದೆವ್ವ ಹಿಡಿದಿಲ್ಲ. ಸುಮಾರು ಐದೂವರೆ ಡಿಗ್ರಿ ಸೆಲ್ಸಿಯಸ್ ಚಳಿ ಹೆಚ್ಚಾದರೆ ಗಾಳಿ ಒಂದು ಪಾಯಿಂಟು ಇಳಿಯುತ್ತದೆ. ಗಾಳಿ ಮೊದಲೇ ಅಂಚಿನಲ್ಲಿತ್ತು ಅಂತ ಅರ್ಥ, ತುಂಬಿಸಿಬಿಡಿ. ಪಂಕ್ಚರ್ ಇಲ್ಲದ ಒಳ್ಳೆ ಟೈರಿನಿಂದಲೂ ತಿಂಗಳಿಗೆ ಒಂದೆರಡು ಪಾಯಿಂಟು ತಾನಾಗಿ ಸೋರುತ್ತದೆ. ಎಷ್ಟು ತುಂಬಿಸಬೇಕು ಎಂಬುದು ಚಾಲಕನ ಬಾಗಿಲು ತೆಗೆದರೆ ಕಂಬದ ಮೇಲಿನ ಚೀಟಿಯಲ್ಲಿ ಇರುತ್ತದೆ. ಪಂಕ್ಚರ್ ಅಂಗಡಿಯವರ ಅಂದಾಜು ಬೇಡ. ಗಾಡಿ ಓಡಿ ಟೈರು ಬಿಸಿಯಾದಾಗ ಅಳೆದು, ಜಾಸ್ತಿ ಇದೆ ಅಂತ ಗಾಳಿ ಬಿಡುವವರೂ ಇದ್ದಾರೆ. ಅದೂ ತಪ್ಪು. ತಣ್ಣಗಿದ್ದಾಗ ಅಳೆಯಬೇಕು. ತುಂಬಿಸಿದ ತಕ್ಷಣ ದೀಪ ಆರಲಿಲ್ಲ ಅಂತ ಗಾಬರಿಯೂ ಬೇಡ. ಎಷ್ಟೋ ಕಾರುಗಳಲ್ಲಿ ಒಂದಿಷ್ಟು ದೂರ ಓಡಿದ ಮೇಲೇ ಸುದ್ದಿ ದೀಪಕ್ಕೆ ಮುಟ್ಟುತ್ತದೆ.

ಇನ್ನು ಗ್ಯಾರೇಜಿನ ಕಥೆಗೆ ಬರೋಣ. ಪೇಟೆಯ ಬಟ್ಟೆ ಅಂಗಡಿ ಯಜಮಾನರೊಬ್ಬರು ದೀಪ ಉರಿಯುತ್ತಿದೆ ಅಂತ ಗಾಡಿ ಬಿಟ್ಟರು. ಗ್ಯಾರೇಜಿನ ಹೆಸರು ಇಲ್ಲಿ ಬೇಡ. "ಸಾವ್ಕಾರ್ರೆ, ಚಕ್ರದ ಒಳಗಿನ ಸೆನ್ಸರ್ ಹೋಗಿದೆ, ನಾಲ್ಕೂ ಹಾಕ್ಬೇಕು" ಎಂದು ಸಾವಿರಾರು ರೂಪಾಯಿಯ ಅಂದಾಜು ಪಟ್ಟಿ ಕೈಗಿಟ್ಟರು. ಗಮ್ಮತ್ತೆಂದರೆ ಅವರ ಕಾರಿನ ಚಕ್ರದೊಳಗೆ ಸೆನ್ಸರೇ ಇಲ್ಲ!

ಈ ಯಂತ್ರದಲ್ಲಿ ಎರಡು ಜಾತಿ. ಒಂದರಲ್ಲಿ ಪ್ರತಿ ಚಕ್ರದ ಒಳಗೆ, ಗಾಳಿ ಮೂತಿಯ ಬುಡದಲ್ಲಿ ಬೆಂಕಿಪೊಟ್ಟಣದಂಥ ಸೆನ್ಸರ್ ಇರುತ್ತದೆ. ಅದು ರೇಡಿಯೋ ಮೂಲಕ ಲೆಕ್ಕ ಕಳಿಸುತ್ತದೆ. ಇನ್ನೊಂದರಲ್ಲಿ ಚಕ್ರದೊಳಗೆ ಏನೂ ಇಲ್ಲ. ಬ್ರೇಕಿನ ಎ.ಬಿ.ಎಸ್. ವ್ಯವಸ್ಥೆಯೇ ಚಕ್ರಗಳ ಸುತ್ತು ಎಣಿಸುತ್ತದೆ. ಗಾಳಿ ಇಳಿದ ಟೈರು ಚಿಕ್ಕದಾಗಿ ಮಿಕ್ಕವಕ್ಕಿಂತ ಜಾಸ್ತಿ ಸುತ್ತುತ್ತದೆ, ಅದನ್ನು ಹಿಡಿದು ದೀಪ ಹತ್ತಿಸುತ್ತದೆ. ಪರದೆಯ ಮೇಲೆ ನಾಲ್ಕೂ ಚಕ್ರದ ಗಾಳಿ ಅಂಕಿಯಲ್ಲಿ ಕಂಡರೆ ಮೊದಲ ಜಾತಿ. ಅಂಕಿ ಇಲ್ಲದೆ ಬರೀ ದೀಪ, ಜೊತೆಗೆ ಸೆಟ್ ಅನ್ನುವ ಗುಂಡಿ ಇದ್ದರೆ ಹೆಚ್ಚಾಗಿ ಎರಡನೆಯದು. ಗಾಡಿಯ ಪುಸ್ತಕದಲ್ಲಿ ಇದೆಲ್ಲ ಬರೆದಿರುತ್ತದೆ, ಓದುವವರು ಯಾರು! ಎರಡನೆಯ ಜಾತಿಗೆ ಪ್ರತಿ ಸಲ ಗಾಳಿ ಸರಿಮಾಡಿದಾಗ, ಟೈರು ಅದಲುಬದಲು ಮಾಡಿದಾಗ ಸೆಟ್ ಗುಂಡಿ ಒತ್ತಿ ಹೊಸ ಪಾಠ ಹೇಳಿಕೊಡಬೇಕು. ಒಂದು ಹೊಸ ಟೈರು, ಮೂರು ಸವೆದ ಟೈರು ಹಾಕಿದರೂ ಅದಕ್ಕೆ ತಲೆ ಕೆಡುತ್ತದೆ. ನಾಲ್ಕರಲ್ಲೂ ಒಂದೇ ಸಮ ಗಾಳಿ ಇಳಿದಿದ್ದರೆ ಅದು ಸುಮ್ಮನಿದ್ದುಬಿಡುವುದೂ ಉಂಟು. ಬಟ್ಟೆ ಅಂಗಡಿ ಯಜಮಾನರ ದೀಪ ಗಾಳಿ ಸರಿಮಾಡಿ ಗುಂಡಿ ಒತ್ತಿದ್ದಕ್ಕೇ ಆರಿತು. ಖರ್ಚು ಸೊನ್ನೆ.

ಮೊದಲ ಜಾತಿಯದು ಬೇರೆ ಗೋಳು. ಸೆನ್ಸರಿನ ಬ್ಯಾಟರಿ ಐದರಿಂದ ಹತ್ತು ವರ್ಷ ಬರುತ್ತದೆ. ಬ್ಯಾಟರಿ ಒಳಗೇ ಸೀಲಾಗಿರುವುದರಿಂದ ಸತ್ತರೆ ಇಡೀ ಸೆನ್ಸರೇ ಹೊಸದು. ಪಂಕ್ಚರ್ ಹಾಕುವ ಹುಡುಗ ಮೂತಿಯ ಹತ್ತಿರ ಲೀವರ್ ತೂರಿಸಿ ಮೀಟಿದರೆ ಅವತ್ತೇ ಅದರ ಆಯುಷ್ಯ ಮುಗಿಯಿತು. ಒಳಗೆ ಸುರಿಯುವ ಪಂಕ್ಚರ್ ಲಿಕ್ವಿಡ್ ಸೆನ್ಸರಿನ ರಂಧ್ರ ಮುಚ್ಚಿಬಿಡಬಹುದು. ಸೆನ್ಸರ್ ಇಲ್ಲದ ಸ್ಟೆಪ್ನಿ ಹಾಕಿಕೊಂಡು ಓಡಿದರೂ ದೀಪ ಮಿನುಗುತ್ತದೆ, ಅದು ಕೆಟ್ಟದ್ದಲ್ಲ. ಆದ್ದರಿಂದ ಯಾವ ಚಕ್ರದ ಸೆನ್ಸರ್ ಸತ್ತಿದೆ ಅಂತ ಸ್ಕ್ಯಾನರ್ ಹಿಡಿದು ತೋರಿಸಿ ಎಂದು ಮೊದಲು ಕೇಳಿ. ಚಕ್ರದ ಪಕ್ಕ ಹಿಡಿದರೆ ಪ್ರತಿ ಸೆನ್ಸರಿನ ಲೆಕ್ಕವೂ ಬರುತ್ತದೆ. ತೋರಿಸಲಾಗದ ಗ್ಯಾರೇಜಿಗೆ ನಾಲ್ಕು ಸೆನ್ಸರಿನ ದುಡ್ಡು ಯಾಕೆ ಕೊಡಬೇಕು? ಗಾಡಿಗೆ ಎಂಟೊಂಬತ್ತು ವರ್ಷವಾಗಿ ಒಂದು ಸತ್ತಿದ್ದರೆ ಮಾತು ಬೇರೆ. ಮಿಕ್ಕ ಮೂರೂ ಅದೇ ವಯಸ್ಸಿನವು. ಟೈರು ಬದಲಿಸುವಾಗಲೇ ಒಟ್ಟಿಗೆ ಹಾಕಿಸಿದರೆ ಎರಡೆರಡು ಕೂಲಿ ತಪ್ಪುತ್ತದೆ. ಗ್ಯಾರೇಜಿನವರು ಹೇಳುವುದೆಲ್ಲ ಸುಳ್ಳೆಂದು ನಾನು ಹೇಳುತ್ತಿಲ್ಲ. ಹೊಸದು ಹಾಕಿದ ಮೇಲೆ ಅದನ್ನು ಕಾರಿಗೆ ಪರಿಚಯ ಮಾಡಿಸಬೇಕು, ಇಲ್ಲಾಂದ್ರೆ ದೀಪ ಮತ್ತೆ ಮಿನುಗುತ್ತಲೇ ಇರುತ್ತದೆ.

ಇಷ್ಟೆಲ್ಲ ಮಾಡಿದರೂ ಕೊನೆಗೆ ಬೇಕಾದದ್ದು ಗಾಳಿ. ಅದು ಸಿಗುವುದೆಲ್ಲಿ? ಪೆಟ್ರೋಲ್ ಬಂಕ್‌ನವರು ಉಚಿತವಾಗಿ ಗಾಳಿ ಕೊಡಬೇಕೆಂದು ತೈಲ ಕಂಪನಿಗಳ ನಿಯಮಾವಳಿಯಲ್ಲೇ ಇದೆ. ನಮ್ಮಲ್ಲಿ ಹೋಗಿ ಕೇಳಿದರೆ "ಮೆಷಿನ್ ರಿಪೇರಿ", "ಹುಡುಗ ಊಟಕ್ಕೆ ಹೋಗಿದ್ದಾನೆ". ಗಾಳಿ ಸಿಕ್ಕರೂ ಮೀಟರನ್ನು ನಂಬುವ ಹಾಗಿಲ್ಲ. ಒಂದೇ ಟೈರಿಗೆ ಒಂದು ಬಂಕ್‌ನಲ್ಲಿ 33, ಎದುರಿನದರಲ್ಲಿ 28. ದಿನಸಿ ಅಂಗಡಿಯವರ ತಕ್ಕಡಿಗೆ ಮುದ್ರೆ ಬಿದ್ದಿಲ್ಲವೆಂದರೆ ದಂಡ ಹಾಕುತ್ತಾರೆ. ಹತ್ತು ಗ್ರಾಂ ಬೇಳೆ ಕಮ್ಮಿಯಾದರೆ ಯಾರೂ ಸಾಯುವುದಿಲ್ಲ. ಗಾಳಿ ಮೀಟರ್ ಸುಳ್ಳು ಹೇಳಿದರೆ ಹಾಗಲ್ಲ. ಅದೇ ಕಣ್ಣು ಬಂಕ್‌ಗಳ ಗಾಳಿ ಮೀಟರಿನ ಮೇಲೂ ಬೀಳಲಿ. ಆರ್.ಟಿ.ಓ. ಸಾಹೇಬರು ಟ್ಯಾಕ್ಸಿಗೆ ಎಫ್.ಸಿ. ಕೊಡುವಾಗ ಕೀ ತಿರುವಿ ದೀಪ ಹತ್ತಿ ಆರುತ್ತದೆಯೇ, ಮೇಲೆ ಟೇಪು ಇದೆಯೇ ಅಂತ ನೋಡಲಿ. ಅರ್ಧ ನಿಮಿಷದ ಕೆಲಸ.

ಓದುಗರೂ ಮುಂದಿನ ಸಲ ಬಾಡಿಗೆ ಕಾರು ಹತ್ತುವ ಮುಂಚೆ ಮೀಟರ್ ಬೋರ್ಡಿನತ್ತ ಒಮ್ಮೆ ಬಗ್ಗಿ ನೋಡಿ. ಟೇಪು ಕಂಡರೆ ತೆಗೆಸಿ, ಉರಿಯುತ್ತಿದ್ದರೆ ಗಾಳಿ ನೋಡಿಸಿಯೇ ಹೊರಡಿ. ಬಂಕ್‌ನಲ್ಲಿ ಗಾಳಿ ಇಲ್ಲ ಅಂದರೆ ದೂರಿನ ಪುಸ್ತಕ ಕೇಳಿ. ಅದನ್ನೂ ಇಡಬೇಕೆಂದು ನಿಯಮವಿದೆ. ಪುಸ್ತಕವೂ ಇಲ್ಲ ಎಂದರೆ ನಮ್ಮ ಕಚೇರಿಗೆ ತಿಳಿಸಿ. ಯಾವ ಬಂಕ್, ಯಾವ ರಸ್ತೆ ಅಂತ ವಿಚಾರಿಸಿ ಇದೇ ಅಂಕಣದಲ್ಲಿ ಬರೆಯುತ್ತೇನೆ.