ಬಲೂನು ಎಲ್ಲಿ ಬೀಳುತ್ತದೆ? ಪಾಠ ಯೋಜನೆಯಲ್ಲಿ ಊಹೆಗೂ ಒಂದು ಕಾಲಂ ಬೇಕು

2025ರ ಜನವರಿಯಲ್ಲಿ ಬೀದರ್ ಜಿಲ್ಲೆ ಹುಮನಾಬಾದ್ ತಾಲ್ಲೂಕಿನ ಜಲಸಂಗಿ ಗ್ರಾಮದಲ್ಲಿ ಒಂದು ದೊಡ್ಡ ಬಲೂನು, ಅದಕ್ಕೆ ಕಟ್ಟಿದ್ದ ಯಂತ್ರದ ಸಮೇತ ಮನೆಯೊಂದರ ಮೇಲೆ ಬಂದು ಬಿತ್ತು. ಊರಿನವರು ಗಾಬರಿಯಾದರು. ಅದು ಹೈದರಾಬಾದಿನಲ್ಲಿರುವ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಬಲೂನು ಕೇಂದ್ರದಿಂದ ಸಂಶೋಧನೆಗಾಗಿ ಹಾರಿಬಿಟ್ಟದ್ದು ಎಂದು ಆಮೇಲೆ ತಿಳಿಯಿತು. ಈ ಸುದ್ದಿಯನ್ನು ನಾವೆಲ್ಲ ಮೊಬೈಲಿನಲ್ಲಿ ನೋಡಿ ಮುಂದಕ್ಕೆ ಸರಿಸಿದೆವು. ಆದರೆ ವಿಜ್ಞಾನ ಶಿಕ್ಷಕರಾಗಲು ಹೊರಟವರಿಗೆ ಅದರೊಳಗೆ ಒಂದು ಒಳ್ಳೆಯ ಪ್ರಶ್ನೆ ಇತ್ತು. ಹಾರಿಬಿಡುವ ಮೊದಲೇ ಬಲೂನು ಎಲ್ಲಿ ಬೀಳುತ್ತದೆ ಎಂದು ಹೇಳಬಹುದೇ? ಹೇಳಬಹುದಾದರೆ ಎಷ್ಟು ನಿಖರವಾಗಿ?

ಈ ಪ್ರಶ್ನೆಗೆ ಬೇಕಾದ ವಿಜ್ಞಾನವೆಲ್ಲ ಒಂಬತ್ತನೇ ತರಗತಿಯ ಚಲನೆ ಮತ್ತು ಗುರುತ್ವ ಅಧ್ಯಾಯಗಳಲ್ಲೇ ಇದೆ. ಇಲ್ಲದಿರುವುದು ಇಂಥ ಪ್ರಶ್ನೆಗೆ ನಮ್ಮ ಪಾಠ ಯೋಜನೆಯಲ್ಲಿ ಜಾಗ. ಈ ಲೇಖನದ ವಾದ ಅಷ್ಟೇ.

ಬಲೂನು ನಮ್ಮ ಊರಿಗೆ ಹೊಸದಲ್ಲ. 1939-40ರಲ್ಲಿ ರಾಬರ್ಟ್ ಮಿಲಿಕನ್ ಅವರ ತಂಡ ವಿಶ್ವಕಿರಣಗಳನ್ನು ಅಳೆಯಲು ಭಾರತಕ್ಕೆ ಬಂದಾಗ ಬೆಂಗಳೂರಿನಿಂದಲೂ ಬಲೂನು ಹಾರಿಸಿತ್ತು. ಭಾರತೀಯ ಖಭೌತ ಸಂಸ್ಥೆಯವರು ಹೊಸಕೋಟೆಯ ಕ್ರೆಸ್ಟ್ ಆವರಣದಿಂದ ಹಗುರ ಉಪಕರಣಗಳನ್ನು ಹವಾಮಾನ ಬಲೂನಿಗೆ ಕಟ್ಟಿ ಕಳಿಸಿದ್ದಾರೆ. ಹವಾಮಾನ ಇಲಾಖೆಯ ರೇಡಿಯೋಸಾಂಡ್ ಬಲೂನುಗಳು ಬೆಂಗಳೂರಿನಿಂದ ಏರುತ್ತಲೇ ಇರುತ್ತವೆ. ಲೋಕದ ಎಲ್ಲ ಕೇಂದ್ರಗಳೂ ಒಂದೇ ಹೊತ್ತಿಗೆ, ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 5.30 ಮತ್ತು ಸಂಜೆ 5.30ರ ಲೆಕ್ಕಕ್ಕೆ, ಗಾಳಿ, ಉಷ್ಣತೆ, ತೇವಾಂಶಗಳನ್ನು ಎತ್ತರವಾರು ಅಳೆಯುತ್ತವೆ. ಈ ಅಂಕಿಗಳನ್ನು ಅಮೆರಿಕದ ವಯೋಮಿಂಗ್ ವಿಶ್ವವಿದ್ಯಾಲಯ ಉಚಿತವಾಗಿ ಒದಗಿಸುತ್ತದೆ. ಬೆಂಗಳೂರಿನ ಕೇಂದ್ರದ ಸಂಖ್ಯೆ 43295.

ಹವ್ಯಾಸಿಗಳು ಬಳಸುವ ತಂತ್ರಾಂಶಗಳು, ಉದಾಹರಣೆಗೆ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ರೂಪಿಸಿದ ಮುನ್ಸೂಚಕ, ಮಾಡುವ ಕೆಲಸವೂ ಮೂಲದಲ್ಲಿ ಸರಳವೇ. ಬಲೂನು ಏರುವಾಗ ಗಾಳಿಯ ಜೊತೆಗೇ ಸಾಗುತ್ತದೆ. ಆಕಾಶವನ್ನು ಪದರಗಳಾಗಿ ವಿಂಗಡಿಸಿಕೊಳ್ಳಬೇಕು. ಪ್ರತಿ ಪದರ ದಾಟಲು ಹಿಡಿಯುವ ಸಮಯವನ್ನು ಅಲ್ಲಿನ ಗಾಳಿಯ ವೇಗದಿಂದ ಗುಣಿಸಿದರೆ ಆ ಪದರದ ಸ್ಥಾನಪಲ್ಲಟ ಸಿಗುತ್ತದೆ. ಎಲ್ಲವನ್ನೂ ದಿಕ್ಕಿನೊಡನೆ ಕೂಡಿದರೆ ಬೀಳುವ ಜಾಗ ಬಂತು. ಮೇಲೇರಿದಂತೆ ಹೊರಗಿನ ಒತ್ತಡ ಕಡಿಮೆಯಾಗಿ ಬಲೂನು ಉಬ್ಬುತ್ತದೆ. 30 ಕಿ.ಮೀ. ಎತ್ತರದಲ್ಲಿ ವ್ಯಾಸ ಸುಮಾರು 4 ಪಟ್ಟಾಗಿರುತ್ತದೆ. ರಬ್ಬರು ತಡೆಯದೆ ಒಡೆಯುತ್ತದೆ. ಪ್ಯಾರಾಚೂಟಿನಲ್ಲಿ ಪೆಟ್ಟಿಗೆ ಇಳಿಯುತ್ತದೆ. ಮೇಲೆ ಗಾಳಿ ತೆಳು, ಆದ್ದರಿಂದ ಮೊದಲು ವೇಗವಾಗಿ, ಆಮೇಲೆ ನಿಧಾನವಾಗಿ. ಗಾಳಿಯ ಸಾಂದ್ರತೆ ನಾಲ್ಕನೇ ಒಂದು ಭಾಗವಾದರೆ ಇಳಿಯುವ ವೇಗ ಎರಡು ಪಟ್ಟು.

ವಿಜಯನಗರದ ಕಡೆಯ ಒಂದು ಪ್ರೌಢಶಾಲೆಯಲ್ಲಿ ಬೋಧನಾಭ್ಯಾಸದ ಸಮಯದಲ್ಲಿ ಇದನ್ನೇ ಒಂದು ಪಾಠವಾಗಿ ತೆಗೆದುಕೊಂಡೆ. ಬಲೂನೂ ಇಲ್ಲ, ಹೀಲಿಯಮ್ಮೂ ಇಲ್ಲ. ಒಂದು ಕರ್ನಾಟಕ ನಕ್ಷೆ, ಅಳತೆಪಟ್ಟಿ, ಕಪ್ಪುಹಲಗೆಯ ಮೇಲೆ ನಾಲ್ಕು ಪದರಗಳ ಗಾಳಿ. ಕೆಂಗೇರಿಯಿಂದ ಬಲೂನು ಬಿಟ್ಟೆವು ಎಂದುಕೊಳ್ಳಿ, ತಿಂಗಳು ಜುಲೈ, ಲೆಕ್ಕ ಮಾಡುವ ಮೊದಲೇ ಬೀಳುವ ಊರಿನ ಹೆಸರು ಬರೆಯಿರಿ ಎಂದೆ. ಹೆಚ್ಚಿನ ಗುಂಪುಗಳು ಹೊಸಕೋಟೆ, ಮಾಲೂರು, ಕೋಲಾರ ಎಂದು ಬರೆದವು. ಯಾಕೆ ಎಂದು ಕೇಳಿದ್ದಕ್ಕೆ ಒಬ್ಬ ಹುಡುಗ, "ಆಷಾಢದಲ್ಲಿ ಪಟ ಬಿಟ್ರೆ ಯಾವಾಗ್ಲೂ ಮೆಜೆಸ್ಟಿಕ್ ಕಡೆಗೇ ಹೋಗತ್ತೆ ಮಿಸ್" ಎಂದ. ರಾಜಾಜಿನಗರದ ತಾರಸಿಯ ಮೇಲೆ ಪಟ ಹಾರಿಸಿದ ಹುಡುಗ ಪಡುವಣ ಗಾಳಿಯನ್ನು ಪುಸ್ತಕದಿಂದ ಕಲಿಯಬೇಕಾಗಿಲ್ಲ. ಅವನ ಕಾರಣ ಸರಿಯಾಗಿಯೇ ಇತ್ತು, ಪಟದ ಎತ್ತರದವರೆಗೆ.

ಆಮೇಲೆ ಲೆಕ್ಕ. ಮಳೆಗಾಲದ ಗಾಳಿಯ ರೀತಿಗೆ ಹೊಂದುವಂತೆ ನಾನೇ ಸರಳ ಮಾಡಿಕೊಂಡ ಅಂಕಿಗಳಿವು. ಬೆಂಗಳೂರೇ ಸಮುದ್ರಮಟ್ಟದಿಂದ ಸುಮಾರು 900 ಮೀ. ಮೇಲಿರುವುದರಿಂದ ಆರಂಭ 1 ಕಿ.ಮೀ. ಎಂದಿಟ್ಟುಕೊಂಡೆವು. ಏರುವ ವೇಗ ಸೆಕೆಂಡಿಗೆ 5 ಮೀ. 1ರಿಂದ 6 ಕಿ.ಮೀ.ವರೆಗೆ ಪಶ್ಚಿಮದಿಂದ ಬೀಸುವ ಗಾಳಿ ಸೆಕೆಂಡಿಗೆ 10 ಮೀ.: 1000 ಸೆಕೆಂಡಿನಲ್ಲಿ 10 ಕಿ.ಮೀ. ಪೂರ್ವಕ್ಕೆ. 6ರಿಂದ 10ರವರೆಗೆ ಗಾಳಿ ಇಲ್ಲವೆನ್ನುವಷ್ಟು. 10ರಿಂದ 18ರವರೆಗೆ ಪೂರ್ವದಿಂದ ಬೀಸುವ ಗಾಳಿ 25 ಮೀ.: 1600 ಸೆಕೆಂಡಿನಲ್ಲಿ 40 ಕಿ.ಮೀ. ಪಶ್ಚಿಮಕ್ಕೆ. 18ರಿಂದ 30ರವರೆಗೆ ಅದೇ ದಿಕ್ಕಿನ ಗಾಳಿ 15 ಮೀ.: 2400 ಸೆಕೆಂಡಿನಲ್ಲಿ 36 ಕಿ.ಮೀ. ಪಶ್ಚಿಮಕ್ಕೆ. ಒಡೆಯುವ ಹೊತ್ತಿಗೆ ಬಲೂನು ಕೆಂಗೇರಿಗೆ 66 ಕಿ.ಮೀ. ಪಶ್ಚಿಮದಲ್ಲಿ. ಇಳಿಯುವಾಗ ಮೇಲಿನ ಎರಡು ಪದರಗಳನ್ನು ಸರಾಸರಿ 24 ಮತ್ತು 12.5 ಮೀ. ವೇಗದಲ್ಲಿ ದಾಟಿದರೆ ಮತ್ತೆ 7.5 ಮತ್ತು 16 ಕಿ.ಮೀ. ಪಶ್ಚಿಮಕ್ಕೆ, ಕೊನೆಯ ಪದರವನ್ನು 6.25 ಮೀ. ವೇಗದಲ್ಲಿ ದಾಟುವಾಗ 8 ಕಿ.ಮೀ. ಪೂರ್ವಕ್ಕೆ. ಒಟ್ಟು 81.5 ಕಿ.ಮೀ. ಪಶ್ಚಿಮ. ನಕ್ಷೆಯ ಮೇಲೆ ಅಳೆದರೆ ಬೆಳ್ಳೂರು ಮತ್ತು ನಾಗಮಂಗಲದ ನಡುವೆ.

ಕೋಲಾರ ಎಂದವರು ನಾಗಮಂಗಲಕ್ಕೆ ಬಂದರು. ಪುಸ್ತಕದಲ್ಲಿ ಒಂದು ಸಾಲಾಗಿ ಬರುವ ಜೆಟ್ ಪ್ರವಾಹ ಎಂಬ ಪದಕ್ಕೆ ಆ ತರಗತಿಯಲ್ಲಿ ಆ ದಿನ ಅರ್ಥ ಬಂತು. ಮಳೆಗಾಲದಲ್ಲಿ ದಕ್ಷಿಣ ಭಾರತದ ಮೇಲೆ, ಸುಮಾರು 14-16 ಕಿ.ಮೀ. ಎತ್ತರದಲ್ಲಿ, ಪೂರ್ವದಿಂದ ಪಶ್ಚಿಮಕ್ಕೆ ರಭಸದ ಗಾಳಿ ಹರಿಯುತ್ತದೆ. 1950ರ ದಶಕದಲ್ಲಿ ಅದನ್ನು ಗುರುತಿಸಿ ವಿವರಿಸಿದವರು ನಮ್ಮದೇ ಹವಾಮಾನ ಇಲಾಖೆಯ ಪಿ. ಕೋಟೇಶ್ವರಂ. ಕೆಳಗೆ ಪಟ ಮೆಜೆಸ್ಟಿಕ್ ಕಡೆಗೆ ಎಳೆಯುತ್ತಿರುವಾಗಲೇ ಮೇಲೆ ಬಲೂನು ಮಾಗಡಿ ದಾಟಿರುತ್ತದೆ.

ಆದರೆ ಪಾಠದ ತಿರುಳು ಇದಲ್ಲ, ಮುಂದಿನ ಹೆಜ್ಜೆ. ಅನಿಲ ಸ್ವಲ್ಪ ಕಡಿಮೆ ತುಂಬಿ ಏರುವ ವೇಗ 5ರ ಬದಲು 4 ಮೀ. ಆದರೆ? ಬಲೂನು ಗಾಳಿಯಲ್ಲಿ ಹೆಚ್ಚು ಹೊತ್ತು ಇರುತ್ತದೆ, 98 ಕಿ.ಮೀ. ದೂರ, ಶ್ರವಣಬೆಳಗೊಳದ ಹತ್ತಿರಕ್ಕೆ ಹೋಗುತ್ತದೆ. 30ರ ಬದಲು 25 ಕಿ.ಮೀ.ನಲ್ಲೇ ಒಡೆದರೆ? ಸುಮಾರು 18 ಕಿ.ಮೀ. ಹಿಂದೆ, ಯಡಿಯೂರಿನ ಕಡೆ ಬೀಳುತ್ತದೆ. ಗಾಳಿಯ ಮುನ್ಸೂಚನೆಯೇ ಸ್ವಲ್ಪ ತಪ್ಪಿದ್ದರೆ? ಜಾಗತಿಕ ಹವಾಮಾನ ಮಾದರಿಗಳಲ್ಲಿ ಒಂದಾದ ಅಮೆರಿಕದ ಜಿಎಫ್‌ಎಸ್ ಕೊಡುವ ಅಂಕಿಗಳೇ ಸುಮಾರು 28 ಕಿ.ಮೀ.ಗೆ ಒಂದು ಬಿಂದುವಿನಂತೆ ಇರುತ್ತವೆ. ಹಾಗಾಗಿ ಉತ್ತರ ಒಂದು ಚುಕ್ಕೆಯಾಗಿರಲು ಸಾಧ್ಯವಿಲ್ಲ, ಅದೊಂದು ವೃತ್ತ.

ವೃತ್ತ ಎಷ್ಟು ದೊಡ್ಡದಿರಬೇಕು ಎಂದು ಮಕ್ಕಳನ್ನೇ ಕೇಳಿದೆ. ಒಂದು ಗುಂಪು ಜಾಣತನದಿಂದ ಹಾಸನದಿಂದ ಬೆಂಗಳೂರಿನವರೆಗೆ ಎಳೆಯಿತು. ಪಕ್ಕದ ಗುಂಪಿನ ಹುಡುಗಿ ಎದ್ದು, "ಅಷ್ಟು ದೊಡ್ಡದಾದ್ರೆ ಹುಡುಕೋಕೆ ಹೋಗೋದಾದ್ರೂ ಎಲ್ಲಿಗೆ?" ಎಂದಳು. ತುಂಬ ದೊಡ್ಡ ವೃತ್ತ ಎಂದೂ ತಪ್ಪಾಗುವುದಿಲ್ಲ, ಆದರೆ ಯಾರಿಗೂ ಉಪಯೋಗವಿಲ್ಲ. ತುಂಬ ಚಿಕ್ಕದು ಧೈರ್ಯದ್ದು, ಆದರೆ ಕಾರಣ ಬೇಕು. ಅಳತೆಯ ಅನಿಶ್ಚಿತತೆ ಎಂಬ ಪರಿಕಲ್ಪನೆಯನ್ನು ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ.

ಆ ಪಾಠದ ವೀಕ್ಷಣಾ ಹಾಳೆಯಲ್ಲಿ ಬಂದ ಟಿಪ್ಪಣಿ ಹೀಗಿತ್ತು: ಪಾಠದ ಕೊನೆಯಲ್ಲಿ ಖಚಿತ ಉತ್ತರ ನೀಡಿಲ್ಲ. ಬರೆದವರ ಬಗ್ಗೆ ನನಗೆ ಗೌರವವಿದೆ. ಟಿಪ್ಪಣಿ ನಮೂನೆಗೆ ಸರಿಯಾಗಿಯೇ ಇದೆ, ಆಕ್ಷೇಪ ಇರುವುದು ನಮೂನೆಯ ಮೇಲೆ. ನಮ್ಮ ಪಾಠ ಯೋಜನೆಯಲ್ಲಿ ಶಿಕ್ಷಕರ ಚಟುವಟಿಕೆ, ವಿದ್ಯಾರ್ಥಿಗಳ ಚಟುವಟಿಕೆ, ನಿರೀಕ್ಷಿತ ಉತ್ತರ ಎಂಬ ಕಾಲಂಗಳಿವೆ. ರಚನಾವಾದ, 5ಇ ಎಂದು ಮೇಲೆ ಬರೆದರೂ, ಮಗು ಹೇಳಬೇಕಾದ್ದನ್ನು ಹಿಂದಿನ ರಾತ್ರಿಯೇ ನಾವು ಬರೆದಿಟ್ಟಿರುತ್ತೇವೆ. ಮಗು ಬೇರೆ ಏನೋ ಹೇಳಿದರೆ "ಮತ್ತೆ ಯಾರು ಹೇಳುತ್ತೀರಿ?" ಎಂದು ಮುಂದಿನ ಬೆಂಚಿಗೆ ಹೋಗುತ್ತೇವೆ. ಕೋಲಾರ ಎಂದ ಹುಡುಗನ ಪಟದ ಕಾರಣ ಆ ನಮೂನೆಯಲ್ಲಿ ಎಲ್ಲೂ ದಾಖಲಾಗುವುದಿಲ್ಲ. ಅವನು ಮುಂದಿನ ಸಲ ಕೈ ಎತ್ತುವುದೂ ಇಲ್ಲ.

ಸಹ ಪ್ರಶಿಕ್ಷಣಾರ್ಥಿಗಳು ಹೇಳುವ ಆಕ್ಷೇಪಗಳು ಗೊತ್ತಿವೆ. ಒಂದು, 40 ನಿಮಿಷದಲ್ಲಿ ಇದು ಮುಗಿಯುವುದಿಲ್ಲ. ನಿಜ, ಎರಡು ಅವಧಿ ಬೇಕು. ಆದರೆ ಜವ, ಸರಾಸರಿ ವೇಗ, ಸ್ಥಾನಪಲ್ಲಟ, ಪ್ಲವನತೆ ಇಷ್ಟನ್ನೂ ಪುನರಾವರ್ತನೆ ಮಾಡಲು ಹೇಗೂ ಎರಡು ಅವಧಿ ಹಾಕುತ್ತೇವೆ. ಎರಡು, ಪರೀಕ್ಷೆಯಲ್ಲಿ ಇಂಥ ಪ್ರಶ್ನೆ ಬರುವುದಿಲ್ಲ. ಬರುವುದಿಲ್ಲ, ಆದರೆ ದೂರಕ್ಕೂ ಸ್ಥಾನಪಲ್ಲಟಕ್ಕೂ ವ್ಯತ್ಯಾಸ ಬರೆಯಿರಿ ಎಂಬುದು ಬರುತ್ತದೆ. ಪೂರ್ವಕ್ಕೆ 10 ಹೋಗಿ ಪಶ್ಚಿಮಕ್ಕೆ ಮರಳಿದ ಬಲೂನನ್ನು ನಕ್ಷೆಯ ಮೇಲೆ ನಡೆಸಿದ ಮಗು ಅದನ್ನು ಬಾಯಿಪಾಠ ಮಾಡಬೇಕಾಗಿಲ್ಲ. ಮೂರು, ಉತ್ತರ ಗೊತ್ತಿಲ್ಲದ ಟೀಚರ್‌ಗೆ ತರಗತಿಯಲ್ಲಿ ಬೆಲೆ ಇರುವುದಿಲ್ಲ. ಇದು ನಿಜವಾದ ಭಯ, ವಿಶೇಷವಾಗಿ ಹಿಂದಿನ ಬೆಂಚಿನಲ್ಲಿ ಮೇಲ್ವಿಚಾರಕರು ಕೂತಿರುವಾಗ. ಆದರೆ ಉತ್ತರ ಗೊತ್ತಿಲ್ಲದಿರುವುದು ಬೇರೆ, ಉತ್ತರ ಎಷ್ಟರಮಟ್ಟಿಗೆ ಗೊತ್ತಿದೆ ಎಂದು ಲೆಕ್ಕ ಹಾಕಿ ಹೇಳುವುದು ಬೇರೆ. ಎರಡನೆಯದು ವಿಜ್ಞಾನಿಯ ಕೆಲಸ.

ಇನ್ನೊಂದು ಉತ್ಸಾಹದ ಸಲಹೆಯೂ ಬಂದಿದೆ: ನಿಜವಾದ ಬಲೂನನ್ನೇ ಹಾರಿಸೋಣ. ಬೇಡ ಎನ್ನುವುದು ನನ್ನ ಅಭಿಪ್ರಾಯ. ಬೆಂಗಳೂರಿನ ಆಕಾಶದಲ್ಲಿ ಕೆಂಪೇಗೌಡ ವಿಮಾನ ನಿಲ್ದಾಣ, ಎಚ್‌ಎಎಲ್, ಯಲಹಂಕ, ಜಕ್ಕೂರು ಎಲ್ಲದರ ಸಂಚಾರವಿದೆ. ಅನುಮತಿಯಿಲ್ಲದೆ ಹಾರಿಸುವುದು ಅಪಾಯ. ಕೆಳಗೆ ಯಾರದೋ ಮನೆ ಇರುತ್ತದೆ ಎಂಬುದಕ್ಕೆ ಜಲಸಂಗಿಯೇ ಸಾಕ್ಷಿ. ನಕ್ಷೆಯ ಮೇಲೆ ವೃತ್ತ ಎಳೆದ ಮಕ್ಕಳು ಆ ವೃತ್ತದೊಳಗಿನ ಊರುಗಳ ಹೆಸರನ್ನೂ ಓದಲಿ. ಮುನ್ಸೂಚನೆ ಯಾರ ತಲೆಯ ಮೇಲಿನ ಪ್ರಶ್ನೆ ಎಂಬುದೂ ಪಾಠದ ಭಾಗವೇ.

ಹಾರಿಸದೆಯೂ ಊಹೆಯನ್ನು ಪರೀಕ್ಷಿಸಬಹುದು. ಒಂದು ದಿನದ ಬೆಂಗಳೂರಿನ ಗಾಳಿಯ ಅಂಕಿಗಳಿಂದ ಬೀಳುವ ಜಾಗ ಹೇಳಲಿ, ವೃತ್ತ ಎಳೆಯಲಿ. ಮರುದಿನದ ಅಂಕಿಗಳಿಂದ ಮತ್ತೆ ಲೆಕ್ಕ ಮಾಡಿ, ವೃತ್ತದೊಳಗೆ ಬಿತ್ತೇ ನೋಡಲಿ. ಎರಡು ಎಚ್ಚರಿಕೆ ಸಾಕು. ಗಾಳಿಯ ವೇಗ ನಾಟ್‌ಗಳಲ್ಲಿದ್ದರೆ, ಒಂದು ನಾಟ್ ಎಂದರೆ ಸೆಕೆಂಡಿಗೆ ಸುಮಾರು 0.51 ಮೀ. ದಿಕ್ಕು 270 ಎಂದರೆ ಪಶ್ಚಿಮದಿಂದ ಬರುವ ಗಾಳಿ, ಪಶ್ಚಿಮಕ್ಕೆ ಹೋಗುವುದಲ್ಲ.

ನನ್ನ ಬೇಡಿಕೆ ದೊಡ್ಡದಲ್ಲ. ಬೋಧನಾಭ್ಯಾಸದ ವಿಜ್ಞಾನ ಪಾಠಗಳಲ್ಲಿ ಒಂದಾದರೂ ಮುನ್ಸೂಚನೆಯ ಪಾಠವಾಗಿರಲಿ. ಅದರ ನಮೂನೆಯಲ್ಲಿ ನಿರೀಕ್ಷಿತ ಉತ್ತರದ ಪಕ್ಕ ಮೂರು ಕಾಲಂ ಸೇರಲಿ: ಮಕ್ಕಳ ಊಹೆ ಮತ್ತು ಕಾರಣ, ಫಲಿತಾಂಶ, ಎರಡರ ನಡುವಿನ ಅಂತರ. ವೀಕ್ಷಿಸುವ ಗುರುಗಳು ಖಚಿತ ಉತ್ತರ ಬಂತೇ ಎನ್ನುವುದರ ಜೊತೆಗೆ, ಅಂತರ ಯಾಕೆ ಬಂತು ಎಂದು ಮಕ್ಕಳು ಮಾತಾಡಿದರೇ ಎಂಬುದಕ್ಕೂ ಅಂಕ ಕೊಡಲಿ. ಒಂದು ಹಾಳೆಯಲ್ಲಿ ಮೂರು ಗೆರೆ ಎಳೆಯುವಷ್ಟು ಕೆಲಸ ಇದು. ಮುಂದಿನ ತಂಡದ ಪಾಠ ಯೋಜನೆ ಪುಸ್ತಕ ಮುದ್ರಣಕ್ಕೆ ಹೋಗುವ ಮೊದಲು ಅದನ್ನು ಎಳೆಯಬಹುದು.