ನೆಲೆಯನ್ನು ಅರಿಯುವುದು, ನೆಲೆಯನ್ನು ಅರುಹುವುದು: ಕ್ಷೇತ್ರಕಾರ್ಯದಲ್ಲಿ ಜಿ.ಪಿ.ಎಸ್.

1

ಕ್ಷೇತ್ರಕಾರ್ಯದ ಪರಿಕರಗಳು ಕಾಲದಿಂದ ಕಾಲಕ್ಕೆ ಬದಲಾಗುತ್ತ ಬಂದಿವೆ. ಶಾಸನದ ಪಡಿಯಚ್ಚು ತೆಗೆಯುವ ಕಾಗದ ಮತ್ತು ಮಸಿ, ಹಾಡುಗಾರರ ದನಿಯನ್ನು ಹಿಡಿದಿಡುವ ಧ್ವನಿಮುದ್ರಣ ಯಂತ್ರ, ಕ್ಯಾಮೆರಾ, ಇವುಗಳ ಸಾಲಿಗೆ ಜಿ.ಪಿ.ಎಸ್. ಕೂಡ ಸೇರಿದೆ. ಇಂದು ಅದು ಪ್ರತ್ಯೇಕ ಉಪಕರಣವಾಗಿಯೂ ಉಳಿದಿಲ್ಲ. ಸಂಶೋಧಕನ ಜೇಬಿನ ಮೊಬೈಲಿನಲ್ಲಿಯೇ ಇದೆ. ಕೊಳ್ಳೇಗಾಲದ ಬಯಲಿನಲ್ಲಿ ಒಂದು ವೀರಗಲ್ಲು, ಯಳಂದೂರಿನ ಆಚೆ ಬಿಳಿಗಿರಿರಂಗನ ಬೆಟ್ಟದಲ್ಲಿ ಒಂದು ಕಲ್ಲುಗುಡಿ, ಹನೂರಿನ ಕಾಡಂಚಿನಲ್ಲಿ ಒಂದು ಮಾರಮ್ಮನ ನೆಲೆ ಕಂಡಾಗ ಎರಡು ಅಂಕಿಗಳನ್ನು ಗುರುತು ಹಾಕಿಕೊಂಡರೆ ಕೆಲಸ ಮುಗಿಯಿತೆಂಬ ಭಾವನೆ ಬೆಳೆಯುತ್ತಿದೆ. ಈ ಭಾವನೆಯನ್ನು ಪರಿಶೀಲಿಸುವ ಅಗತ್ಯವಿದೆ. ಯಾವ ಕ್ರಮದಲ್ಲಿ ಬರೆದದ್ದು, ಯಾವ ಆಧಾರದ ಮೇಲೆ ಪಡೆದದ್ದು ಎಂಬುದು ತಿಳಿಯದ ಅಂಕಿ ಸ್ಥಳವನ್ನು ಸೂಚಿಸುವುದಿಲ್ಲ. ಸ್ಥಳದ ಭ್ರಮೆಯನ್ನು ಮಾತ್ರ ಹುಟ್ಟಿಸುತ್ತದೆ.

2

ಈ ಮಾತನ್ನು ಎಲ್ಲರಿಗಿಂತ ಮೊದಲು ಅರಿತವರು ಕಡಲಿನವರು. ನೆಲದ ಮೇಲೆ ದಾರಿ ಹೇಳಲು ಅರಳಿಕಟ್ಟೆಯೋ ಕೆರೆಯ ಏರಿಯೋ ಒದಗುತ್ತದೆ. ನೀರಿನ ಮೇಲೆ ಅಂಥ ಗುರುತುಗಳಿಲ್ಲ. ಆದುದರಿಂದ ದೋಣಿಯ ಜಿ.ಪಿ.ಎಸ್. ಉಪಕರಣದಲ್ಲಿ ಮೊದಲು ಸರಿಪಡಿಸಿಕೊಳ್ಳಬೇಕಾದ ಸಂಗತಿಗಳು ಎರಡು. ಒಂದು, ಅಂಕಿಯನ್ನು ಬರೆಯುವ ಕ್ರಮ. ಒಂದೇ ಸ್ಥಳವನ್ನು ಡಿಗ್ರಿಯ ದಶಮಾಂಶದಲ್ಲಿ, ಡಿಗ್ರಿ ಮತ್ತು ಮಿನಿಟಿನಲ್ಲಿ, ಡಿಗ್ರಿ, ಮಿನಿಟು, ಸೆಕೆಂಡುಗಳಲ್ಲಿ, ಹೀಗೆ ಮೂರು ಬಗೆಯಲ್ಲಿ ಹೇಳಬಹುದು. ಅಕ್ಷಾಂಶದ ಒಂದು ಮಿನಿಟು ಒಂದು ನಾವಿಕ ಮೈಲಿಗೆ, ಎಂದರೆ 1852 ಮೀಟರಿಗೆ ಸಮನಾದುದರಿಂದ ಕಡಲಿನಲ್ಲಿ ಮಿನಿಟಿನ ಕ್ರಮವೇ ರೂಢಿಯಾಗಿದೆ. ಎರಡು, ಭೂಮಿಯ ಆಕಾರವನ್ನು ಅಳೆಯಲು ಒಪ್ಪಿಕೊಂಡ ಆಧಾರ. ಇದನ್ನು ಡೇಟಮ್ ಎನ್ನುತ್ತಾರೆ. ನಕಾಶೆಯ ಡೇಟಮ್ ಒಂದು, ಉಪಕರಣದ್ದು ಇನ್ನೊಂದು ಆದರೆ ಅಂಕಿ ಸರಿಯಿದ್ದೂ ನೆಲೆ ತಪ್ಪುತ್ತದೆ.

ಅಪಾಯದ ಕರೆಯಲ್ಲಿ ಇದರ ಮಹತ್ವ ಇನ್ನೂ ಸ್ಪಷ್ಟವಾಗುತ್ತದೆ. ಡಿಜಿಟಲ್ ವ್ಯವಸ್ಥೆಯ ವಿ.ಎಚ್.ಎಫ್. ರೇಡಿಯೋದಲ್ಲಿ ಮುಚ್ಚಳದ ಕೆಳಗಿನ ಕೆಂಪು ಗುಂಡಿಯನ್ನು ಕೆಲವು ಸೆಕೆಂಡು ಒತ್ತಿ ಹಿಡಿದರೆ 70ನೆಯ ಚಾನಲಿನಲ್ಲಿ ದೋಣಿಯ ಒಂಬತ್ತು ಅಂಕಿಗಳ ಗುರುತಿನ ಸಂಖ್ಯೆ, ಅದರ ನೆಲೆ ಮತ್ತು ಹೊತ್ತು ಒಟ್ಟಿಗೆ ಹೋಗುತ್ತವೆ. ಅನಂತರ 16ನೆಯ ಚಾನಲಿನಲ್ಲಿ ಬಾಯಿಮಾತಿನಲ್ಲಿ ಕರೆಯಬೇಕು. ಆದರೆ ರೇಡಿಯೋಗೆ ಜಿ.ಪಿ.ಎಸ್. ಜೋಡಿಸಿರದಿದ್ದರೆ, ನೆಲೆಯನ್ನು ಕೈಯಿಂದಲೂ ತುಂಬಿರದಿದ್ದರೆ ಕರೆ ಮಾತ್ರ ಹೋಗುತ್ತದೆ, ನೆಲೆ ಹೋಗುವುದಿಲ್ಲ. ಹಳೆಯ ನೆಲೆ ಹೋದರೆ ಹುಡುಕುವವರು ಬೇರೆಡೆಗೆ ಹೋಗುತ್ತಾರೆ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ದೋಣಿ ಏಳು ಮಂದಿ ಮೀನುಗಾರರೊಡನೆ ಕಾಣೆಯಾಯಿತು. ಅದರ ಅವಶೇಷ ಮಹಾರಾಷ್ಟ್ರದ ಮಾಲ್ವಣದ ಕಡಲಿನಲ್ಲಿ ಪತ್ತೆಯಾದದ್ದು 2019ರ ಮೇ ತಿಂಗಳಿನಲ್ಲಿ. ನೆಲೆ ತಿಳಿಯದಿದ್ದರೆ ಹುಡುಕಾಟ ಎಷ್ಟು ದೀರ್ಘವಾಗುತ್ತದೆ ಎಂಬುದಕ್ಕೆ ಕರ್ನಾಟಕದ ಕರಾವಳಿಗೆ ಇದಕ್ಕಿಂತ ಕಠೋರವಾದ ನಿದರ್ಶನ ಬೇಕಿಲ್ಲ.

ಇಲ್ಲಿ ಗಮನಿಸಬೇಕಾದ ಭೇದವೊಂದಿದೆ. ಜಿ.ಪಿ.ಎಸ್. ಕೇಳುವ ಯಂತ್ರ, ಅದು ಉಪಗ್ರಹದ ಸಂಕೇತವನ್ನು ಪಡೆದು ನೆಲೆಯನ್ನು ಅರಿಯುತ್ತದೆ. ಅರುಹಲು ಬೇರೊಂದು ಸಾಧನ ಬೇಕು. ಅರಿಯುವುದು ಮತ್ತು ಅರುಹುವುದು ಒಂದೇ ಅಲ್ಲ.

3

ಕಡಲಿಲ್ಲದ ಸೀಮೆಗೆ ಈ ಚರ್ಚೆಯಿಂದ ಏನು ಪ್ರಯೋಜನ ಎಂಬ ಪ್ರಶ್ನೆ ಸಹಜ. ಕೊಳ್ಳೇಗಾಲವನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಪಟ್ಟಣದ ನೆಲೆ ದಶಮಾಂಶದಲ್ಲಿ ಸುಮಾರು 12.15 ಉತ್ತರ, 77.12 ಪೂರ್ವ. ಇದನ್ನು ಓದುವವರು 12 ಡಿಗ್ರಿ 15 ಮಿನಿಟು, 77 ಡಿಗ್ರಿ 12 ಮಿನಿಟು ಎಂದು ಗ್ರಹಿಸಿದರೆ ನೆಲೆಯು ಉತ್ತರಕ್ಕೆ ಸುಮಾರು 11 ಕಿಲೋಮೀಟರು, ಪೂರ್ವಕ್ಕೆ ಸುಮಾರು 9 ಕಿಲೋಮೀಟರು ಸರಿದು, ಮೂಲ ಸ್ಥಳದಿಂದ ನೇರ ದೂರದಲ್ಲಿ 14 ಕಿಲೋಮೀಟರಿನಷ್ಟು ಆಚೆ ಬೀಳುತ್ತದೆ. ಪಟ್ಟಣಕ್ಕಾದರೆ ತಪ್ಪು ಕೂಡಲೇ ತಿಳಿಯುತ್ತದೆ. ಹೊಲದ ಬದುವಿನ ಮೇಲಿನ ಶಾಸನಕ್ಕೆ ಆ ಅನುಕೂಲವಿಲ್ಲ. ಮುಂದಿನ ಸಂಶೋಧಕ ಬೇರೊಂದು ಊರಿನಲ್ಲಿ ಹುಡುಕಿ, ಕಲ್ಲು ಕಾಣೆಯಾಗಿದೆ ಎಂದು ಬರೆದುಬಿಡುತ್ತಾನೆ. ಭಾರತೀಯ ಸರ್ವೇಕ್ಷಣ ಇಲಾಖೆಯ ಹಳೆಯ ಸ್ಥಳನಕ್ಷೆಗಳು ಎವರೆಸ್ಟ್ ಆಧಾರವನ್ನೂ ಜಿ.ಪಿ.ಎಸ್. ಉಪಕರಣಗಳು ಸಾಮಾನ್ಯವಾಗಿ ಡಬ್ಲ್ಯು.ಜಿ.ಎಸ್. 84 ಆಧಾರವನ್ನೂ ಅನುಸರಿಸುತ್ತವೆ. ಇವೆರಡರ ನಡುವಿನ ಅಂತರ ಈ ಸೀಮೆಯಲ್ಲಿ ನೂರು ಮೀಟರನ್ನು ಮೀರುತ್ತದೆ. ಕಾಡಿನೊಳಗೆ ನೂರು ಮೀಟರು ಸಣ್ಣ ದೂರವಲ್ಲ.

ಹಾಗೆಂದು ಅಂಕಿಯನ್ನು ಬಿಟ್ಟು ವಿಳಾಸವನ್ನೇ ನಂಬುವಂತೆಯೂ ಇಲ್ಲ. ಕೊಳ್ಳೇಗಾಲವು 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಅನಂತರ ಮೈಸೂರು ಜಿಲ್ಲೆಗೆ, 1997ರಲ್ಲಿ ಚಾಮರಾಜನಗರ ಜಿಲ್ಲೆಗೆ ಸೇರಿತು. ಕೊಳ್ಳೇಗಾಲದ ಭಾಗವಾಗಿದ್ದ ಹನೂರು ಈಗ ಪ್ರತ್ಯೇಕ ತಾಲ್ಲೂಕು. ಯಳಂದೂರು ಪೂರ್ಣಯ್ಯನವರ ಜಹಗೀರಾಗಿದ್ದ ನಾಡು. ಒಂದೇ ಕಲ್ಲು ನಿಂತಲ್ಲಿಯೇ ನಿಂತು ಎರಡು ರಾಜ್ಯ, ಮೂರು ಜಿಲ್ಲೆ, ಎರಡು ತಾಲ್ಲೂಕುಗಳ ವಿಳಾಸವನ್ನು ಕಂಡಿರಬಹುದು. ಆಡಳಿತದ ವಿಳಾಸಕ್ಕಿಂತ ಅಂಕಿ ಬಾಳಿಕೆಯುಳ್ಳದ್ದು ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಅಂಕಿಗಿಂತಲೂ ಹಳೆಯದಾದ ಇನ್ನೊಂದು ಕ್ರಮ ಇಲ್ಲಿದೆ. ದತ್ತಿಶಾಸನಗಳು ಚತುಸ್ಸೀಮೆಯನ್ನು ಹೇಳುವಾಗ ಕೆರೆ, ಹಳ್ಳ, ಮರ, ನಟ್ಟ ಕಲ್ಲುಗಳನ್ನು ದಿಕ್ಕುದಿಕ್ಕಿಗೆ ಹೆಸರಿಸುತ್ತವೆ. ಮಾದಪ್ಪನ ಕಥೆ ಹಾಡುವ ದೇವರಗುಡ್ಡರಲ್ಲಿ ಎಪ್ಪತ್ತೇಳು ಮಲೆಗಳ ಕಲ್ಪನೆ ಇಂದಿಗೂ ಜೀವಂತವಾಗಿದೆ. ಸೋಲಿಗರು ಕಾಡನ್ನು ಕುಲದ ಎಲ್ಲೆಗಳಾಗಿ ಗುರುತಿಸಿ, ಒಂದೊಂದು ಎಲ್ಲೆಯಲ್ಲಿಯೂ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂದು ನೆಲೆಗಳನ್ನು ಹೆಸರಿಸುತ್ತಾರೆ. ಏಟ್ರೀ ಸಂಸ್ಥೆಯ ಸಂಶೋಧಕರೂ ಸೋಲಿಗರೂ ಕೂಡಿ ಈ ನೆಲೆಗಳನ್ನು ಜಿ.ಪಿ.ಎಸ್. ನೆರವಿನಿಂದ ನಕಾಶೆಗೆ ತಂದರು. ಅಲ್ಲಿ ಹೆಸರು ಹೇಳಿದವರು ಹಿರಿಯರು, ಅಂಕಿ ಕೊಟ್ಟದ್ದು ಯಂತ್ರ. ಈ ಅನುಕ್ರಮವೇ ಕನ್ನಡ ಕ್ಷೇತ್ರಕಾರ್ಯಕ್ಕೂ ಮಾದರಿಯಾಗಬೇಕು.

4

ಸಂಗತಿ ವಿದ್ವತ್ತಿಗೆ ಮಾತ್ರ ಸಂಬಂಧಿಸಿದ್ದಲ್ಲ. ಮಲೆ ಮಹದೇಶ್ವರ ಬೆಟ್ಟದ ಸುತ್ತಲಿನ ಕಾಡೂರುಗಳಿಂದ ರೋಗಿಗಳನ್ನು ಡೋಲಿಯಲ್ಲಿ ಹೊತ್ತು ತಂದ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿದೆ. ಅಂಥ ಕಡೆಯಿಂದ ಯಾರಾದರೂ 108ಕ್ಕೋ 112ಕ್ಕೋ ಕರೆ ಮಾಡಿದಾಗ ಉತ್ತರಿಸುವವರು ದೂರದ ನಗರದವರು. ಹನೂರು ಸೀಮೆಯಲ್ಲಿ ‘ದೊಡ್ಡಿ’ ಎಂದು ಕೊನೆಗೊಳ್ಳುವ ಊರುಗಳು ಹಲವು. ಪೋಡಿಗೆ ಸೋಲಿಗರು ಹೇಳುವ ಹೆಸರೂ ಕಾಗದದ ಹೆಸರೂ ಒಂದೇ ಆಗಿರಬೇಕೆಂದಿಲ್ಲ. ಸಿಗ್ನಲ್ ಇಲ್ಲದ ಕಣಿವೆಯಲ್ಲಿ ಮೊಬೈಲು ತನ್ನ ನೆಲೆಯನ್ನು ಅರಿಯಬಲ್ಲುದು, ಅರುಹಲಾರದು. ಸಿಗ್ನಲ್ ಸಿಗುವ ದಿಣ್ಣೆಗೆ ಹತ್ತಿ ಬಂದವನು ಅಂಕಿಯನ್ನು ಓದಿ ಹೇಳಲು ತಿಳಿದಿರಬೇಕು. ಆ ಅಂಕಿ ದಿಣ್ಣೆಯದಲ್ಲ, ರೋಗಿ ಇರುವ ಸ್ಥಳದ್ದಾಗಿರಬೇಕು. ಇದನ್ನು ಕನ್ನಡದಲ್ಲಿ ಹೇಳಿಕೊಡುವ ಪಾಠ ಬೇಕು. ಪ್ರಾಚೀನ ಜ್ಯೋತಿಷ ಗ್ರಂಥಗಳ ‘ಕಲೆ’, ‘ವಿಕಲೆ’ಗಳು ಪರಿಭಾಷೆಯಾಗಿ ಸುಂದರವಾದರೂ ಅಪಾಯದ ಹೊತ್ತಿನಲ್ಲಿ ಕೆಲಸಕ್ಕೆ ಬಾರವು. ‘ನಿಮಿಷ’ ಎಂದರೆ ಹೊತ್ತಿನ ನಿಮಿಷವೆಂದೇ ತಿಳಿಯುವ ಸಂಭವವಿದೆ. ಡಿಗ್ರಿ, ಮಿನಿಟು, ಪಾಯಿಂಟು ಎಂಬ ಬಳಕೆಯ ಮಾತುಗಳನ್ನೇ ಸ್ವೀಕರಿಸುವುದು ಲೇಸು.

5

ಇದಕ್ಕೆ ಎದುರಾಗುವ ಗಂಭೀರವಾದ ಆಕ್ಷೇಪ ಒಂದಿದೆ. ನಿಖರವಾದ ನೆಲೆಯನ್ನು ಅಚ್ಚು ಮಾಡಿದರೆ ನಿಧಿಗಳ್ಳರಿಗೆ ದಾರಿ ತೋರಿಸಿದಂತಾಗುತ್ತದೆ. ಸೋಲಿಗರ ದೇವನೆಲೆಗಳು ಹೊರಗಿನವರ ಪ್ರವಾಸಕ್ಕೆ ತೆರೆದುಕೊಳ್ಳುತ್ತವೆ. ಆಕ್ಷೇಪ ಒಪ್ಪತಕ್ಕದ್ದೇ. ಆದರೆ ಅದು ಪ್ರಕಟಣೆಗೆ ಅನ್ವಯಿಸುತ್ತದೆ, ದಾಖಲೆಗಲ್ಲ. ದಶಮಾಂಶದ ಐದನೆಯ ಸ್ಥಾನ ಸುಮಾರು ಒಂದು ಮೀಟರನ್ನೂ ಎರಡನೆಯ ಸ್ಥಾನ ಸುಮಾರು ಒಂದು ಕಿಲೋಮೀಟರನ್ನೂ ಸೂಚಿಸುತ್ತದೆ. ಪೂರ್ಣ ಅಂಕಿಯನ್ನು ವಿಭಾಗದ ದಾಖಲೆಯಲ್ಲಿ ಇರಿಸಿ, ಪ್ರಬಂಧದಲ್ಲಿ ಎರಡು ಸ್ಥಾನಗಳಿಗೆ ನಿಲ್ಲಿಸಬಹುದು. ದೇವನೆಲೆಗಳ ವಿಷಯದಲ್ಲಿ ಆ ಕುಲದವರ ಒಪ್ಪಿಗೆಯಿಲ್ಲದೆ ಅಷ್ಟನ್ನೂ ಪ್ರಕಟಿಸಬಾರದು.

ಕನ್ನಡ ವಿಭಾಗಗಳು ಕ್ಷೇತ್ರಕಾರ್ಯದ ಟಿಪ್ಪಣಿಗೆ ಒಂದು ನಿಯತವಾದ ನಮೂನೆಯನ್ನು ರೂಪಿಸುವುದು ಅಗತ್ಯ. ಸ್ಥಳಕ್ಕೆ ಅಲ್ಲಿಯವರು ಹೇಳುವ ಹೆಸರು, ಕಾಗದದ ಹೆಸರು, ಹೆಸರು ಹೇಳಿದವರು, ಹತ್ತಿರದ ಗುರುತು, ದಿಕ್ಕು ಮತ್ತು ದೂರ, ಅನಂತರ ಅಂಕಿ, ಅಂಕಿಯ ಕ್ರಮ, ಡೇಟಮ್, ದಿನಾಂಕ: ಇಷ್ಟಕ್ಕೆ ಅರ್ಧ ಪುಟ ಸಾಕು. ಅದರ ಪ್ರತಿಯೊಂದನ್ನು ಆ ಊರಿನ ಶಾಲೆಗೋ ಆಶಾ ಕಾರ್ಯಕರ್ತೆಗೋ ಕೊಟ್ಟು ಬರುವುದು ಸಂಶೋಧಕನ ಕರ್ತವ್ಯವೆಂದೇ ಭಾವಿಸಬೇಕು. ಹಾಡನ್ನೂ ಕಥೆಯನ್ನೂ ಕೊಟ್ಟ ಊರಿಗೆ, ಆಪತ್ತಿನ ಹೊತ್ತಿನಲ್ಲಿ ತಾನಿರುವ ಎಡೆಯನ್ನು ಹೇಳಿಕೊಳ್ಳುವ ಬಗೆಯನ್ನಾದರೂ ವಿದ್ವತ್ತು ಮರಳಿ ಕೊಡಬೇಕು.