ನೋಯದ ಗಂಟು

ಮಕ್ಕಳೇ, ಈ ವಾರ ಕಥೆಯ ಬದಲು ನಾನು ಮಾಡಿದ ಒಂದು ತಪ್ಪನ್ನು ಹೇಳುತ್ತೇನೆ. ಅಜ್ಜ ಅಜ್ಜಿ ಹತ್ತಿರದಲ್ಲಿದ್ದರೆ ಅವರನ್ನೂ ಕರೆದು ಕೂರಿಸಿಕೊಳ್ಳಿ. ಇದು ನಿಮಗಿಂತ ಹೆಚ್ಚಾಗಿ ಅವರಿಗೇ ಬೇಕು.

ಮೂರು ವರ್ಷದ ಹಿಂದಿನ ಮಾತು. ಸ್ನಾನ ಮಾಡುವಾಗ ಬಲತೊಡೆಯಲ್ಲಿ ನೆಲ್ಲಿಕಾಯಿಯಷ್ಟು ಗಂಟೊಂದು ಕೈಗೆ ಸಿಕ್ಕಿತು. ನೋವಿಲ್ಲ, ಕೆಂಪಾಗಿಲ್ಲ, ಜ್ವರವೂ ಇಲ್ಲ. ಮಂಚದ ಮೂಲೆ ತಗುಲಿರಬೇಕು ಎಂದುಕೊಂಡು ಹರಳೆಣ್ಣೆ ಬಿಸಿ ಮಾಡಿ ತಿಕ್ಕಿದೆ. ಸೀರೆಯೊಳಗಿನ ಗಂಟು ಯಾರಿಗೆ ಕಾಣಬೇಕು? ನೋಯದ್ದನ್ನು ಹೇಳುವುದೇನು ಎಂದು ನಾನೂ ಸುಮ್ಮನಿದ್ದೆ. ಆರು ತಿಂಗಳಲ್ಲಿ ಅದು ದೊಡ್ಡ ನಿಂಬೆಹಣ್ಣಿನಷ್ಟಾಯಿತು.

ಅದನ್ನು ಕಂಡುಹಿಡಿದವಳು ನಾಲ್ಕನೇ ಕ್ಲಾಸಿನ ನನ್ನ ಮೊಮ್ಮಗಳು. ರಜಕ್ಕೆ ಬಂದಿದ್ದಳು. ನನ್ನ ತೊಡೆಯ ಮೇಲೆ ತಲೆಯಿಟ್ಟು ಕಥೆ ಕೇಳುತ್ತಿದ್ದವಳು ತಟ್ಟನೆ ಎದ್ದು, “ಅಜ್ಜಿ, ಇಲ್ಲೇನೋ ಚೆಂಡಿದೆ! ಹೋದ ಸಲ ಇರಲಿಲ್ಲ” ಎಂದಳು.

“ಸುಮ್ಮನಿರೇ, ಅಪ್ಪನಿಗೆ ಹೇಳಬೇಡ” ಎಂದೆ.

ಅವಳು ನೇರ ಅಡುಗೆಮನೆಗೆ ಓಡಿ ಅಪ್ಪ ಅಮ್ಮ ಇಬ್ಬರಿಗೂ ಹೇಳಿಬಿಟ್ಟಳು.

ಡಾಕ್ಟರು ಮೂರು ವಿಷಯ ಗಮನಿಸಿದರು. ಗಂಟು ಬೆಳೆಯುತ್ತಿದೆಯೇ? 5 ಸೆಂಟಿಮೀಟರಿಗಿಂತ ದೊಡ್ಡದೇ? ಚರ್ಮದ ಕೆಳಗೇ ಜಾರಾಡುತ್ತದೆಯೋ, ಆಳದಲ್ಲಿ ಕೂತಿದೆಯೋ? ನನ್ನದು ಬೆಳೆಯುತ್ತಿತ್ತು, ದೊಡ್ಡದಿತ್ತು, ಆಳದಲ್ಲಿತ್ತು. ಎಂ.ಆರ್.ಐ. ಸ್ಕ್ಯಾನ್ ಆಯಿತು. ಆಮೇಲೆ ಸೂಜಿ ಹಾಕಿ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಬಂದ ಉತ್ತರ: ಸಾರ್ಕೋಮಾ.

ಗ್ರೀಕ್ ಭಾಷೆಯಲ್ಲಿ ‘ಸಾರ್ಕ್ಸ್’ ಎಂದರೆ ಮಾಂಸ. ಸ್ನಾಯು, ಕೊಬ್ಬು, ನರ, ರಕ್ತನಾಳ ಇಂಥ ಮೆತ್ತನೆಯ ಭಾಗಗಳಲ್ಲಿ ಹುಟ್ಟುವ ಕ್ಯಾನ್ಸರ್ ಇದು. ಇದರಲ್ಲಿ 50ಕ್ಕೂ ಹೆಚ್ಚು ಬಗೆಗಳಿವೆ. ಅಪರೂಪಕ್ಕೆ ಮಕ್ಕಳಿಗೂ ಬರುತ್ತದೆ. ತೊಡೆಯಂಥ ಕಡೆ ಜಾಗ ಹೆಚ್ಚು. ಗಂಟು ಸುತ್ತಲಿನ ಮಾಂಸವನ್ನು ಸರಿಸಿಕೊಂಡು ಬೆಳೆಯುತ್ತದೆ. ನರವನ್ನು ಒತ್ತುವವರೆಗೂ ನೋವೇ ಇಲ್ಲದಿರಬಹುದು.

ಹಾಗೆಂದು ಹೆದರಬೇಡಿ. ಮೈಮೇಲೆ ಏಳುವ ಗಂಟುಗಳಲ್ಲಿ ಬಹುಪಾಲು ಬರೀ ಕೊಬ್ಬಿನ ಗಂಟು, ನಿರುಪದ್ರವಿ. ಸಾರ್ಕೋಮಾ ತೀರಾ ಅಪರೂಪ. ಅದು ಅಂಟುರೋಗವಲ್ಲ, ಮೊಮ್ಮಗಳು ಈಗಲೂ ನನ್ನ ತೊಡೆಯ ಮೇಲೇ ಮಲಗುತ್ತಾಳೆ.

ಮಾವಿನಹಣ್ಣು ಒಂದು ಕಡೆ ಕೊಳೆತರೆ ಸುತ್ತಲಿನ ಒಳ್ಳೆಯ ಭಾಗವನ್ನೂ ಸ್ವಲ್ಪ ಸೇರಿಸಿ ಕತ್ತರಿಸುತ್ತೇವಲ್ಲ, ನನ್ನ ಗಂಟನ್ನೂ ಹಾಗೆಯೇ ತೆಗೆದರು. ಬಳಿಕ ಆರು ವಾರ ವಿಕಿರಣ ಚಿಕಿತ್ಸೆ. ಹಿಂದೆ ಇಂಥ ಕಾಯಿಲೆಗೆ ಕಾಲನ್ನೇ ತೆಗೆಯುವುದು ಸಾಮಾನ್ಯವಾಗಿತ್ತು. ಈಗ ಹೆಚ್ಚಿನವರ ಕೈಕಾಲು ಉಳಿಯುತ್ತದೆ. ನನ್ನದೂ ಉಳಿಯಿತು, ಸ್ವಲ್ಪ ಕುಂಟುತ್ತೇನೆ ಅಷ್ಟೆ.

ಪಕ್ಕದ ಹಾಸಿಗೆಯಲ್ಲಿ ನನ್ನ ವಯಸ್ಸಿನವರೇ ಒಬ್ಬರಿದ್ದರು. ಅವರ ತೋಳಿನ ಗಂಟನ್ನು ಎಲ್ಲೋ ಒಂದು ಕಡೆ ಕೊಬ್ಬಿನ ಗಂಟೆಂದು ತಿಳಿದು, ಸ್ಕ್ಯಾನ್ ಮಾಡಿಸದೆಯೇ ಕೊಯ್ದಿದ್ದರಂತೆ. ಚೂರುಪಾರು ಒಳಗೇ ಉಳಿದು, ಎರಡನೆಯ ಸಲ ಇನ್ನೂ ದೊಡ್ಡ ಆಪರೇಷನ್ ಆಯಿತು. ಕೈ ಉಳಿದಿದೆ, ಆದರೆ ಬಿಂದಿಗೆ ಎತ್ತುವ ಬಲವಿಲ್ಲ. ದೊಡ್ಡ ಗಂಟಿಗೆ ಮೊದಲು ಸ್ಕ್ಯಾನ್, ಆಮೇಲೆ ಸೂಜಿ ಪರೀಕ್ಷೆ, ಕೊನೆಗೆ ಕತ್ತರಿ. ಈ ಕ್ರಮ ತಪ್ಪಬಾರದು. ಎಣ್ಣೆ ತಿಕ್ಕಿ ಕಾಯುವುದಂತೂ ಬೇಡವೇ ಬೇಡ.

ಲೆಕ್ಕ ಬಲ್ಲ ಮಕ್ಕಳಿಗೆ ಒಂದು ಲೆಕ್ಕ. ಅಮೆರಿಕದ ಅಂಕಿಅಂಶದ ಪ್ರಕಾರ, ಗಂಟು ಹುಟ್ಟಿದ ಜಾಗದಲ್ಲೇ ಇರುವಾಗ ಸಿಕ್ಕರೆ 10 ಜನರಲ್ಲಿ ಸುಮಾರು 8 ಮಂದಿ ಐದು ವರ್ಷ ದಾಟುತ್ತಾರೆ. ಶ್ವಾಸಕೋಶದಂಥ ದೂರದ ಜಾಗಕ್ಕೆ ಹರಡಿದ ಮೇಲೆ ಸಿಕ್ಕರೆ 10ರಲ್ಲಿ ಇಬ್ಬರೂ ಕಷ್ಟ. ಅದಕ್ಕೇ ನನಗೆ ಇಂದಿಗೂ ಕೆಲವು ತಿಂಗಳಿಗೊಮ್ಮೆ ಎದೆಯ ಸ್ಕ್ಯಾನ್. ರಿಪೋರ್ಟ್ ಬರುವವರೆಗೆ ಊಟ ಸೇರುವುದಿಲ್ಲ. ಇಲ್ಲಿಯವರೆಗೆ ಏನೂ ಇಲ್ಲ. ಸುಮ್ಮನೆ ಕಳೆದ ಆ ಆರು ತಿಂಗಳು ಮಾತ್ರ ಆಗಾಗ ನೆನಪಾಗುತ್ತದೆ.

ಮಕ್ಕಳೇ, ದೊಡ್ಡವರ ಮಾತು ಕೇಳಬೇಕು, ನಿಜ. ಆದರೆ ಗಂಟು ತೋರಿಸಿ “ಯಾರಿಗೂ ಹೇಳಬೇಡ” ಎಂದರೆ, ಅದೊಂದು ಮಾತನ್ನು ಕೇಳಬೇಡಿ.